ಬಳಪದಲ್ಲಿ ಬರೆದ ಬಿಸಿ

ಆರ್ಲೀನ್ ಕಂಗಾಸ್ ಕಲಿಸುವ ವೆಲ್ಡಿಂಗ್ ತರಗತಿಯಲ್ಲಿ ಮೊದಲ ದಿನ ಬೆಂಕಿ ಹತ್ತುವುದಿಲ್ಲ. ಮೊದಲ ದಿನ ಬರೀ ಬರೆಯುವುದು.

ಹದಿನೆಂಟರ ಹುಡುಗನಾಗಲಿ, ನಲವತ್ತೆಂಟಕ್ಕೆ ಕೆಲಸ ಹೋಗಿ ಬಂದವಳಾಗಲಿ, ಬಂದವರ ಕೈಗೆಲ್ಲ ಆಕೆ ಒಂದೊಂದು ಬಳಪ ಕೊಡುತ್ತಾಳೆ. ನಾವೆಲ್ಲ ಸ್ಲೇಟಿನ ಮೇಲೆ ತಿದ್ದಿ, ಮಿಕ್ಕ ಚೂರನ್ನು ಕದ್ದು ತಿಂದ ಅದೇ ಬಳಪ. ಬೆಂಕಿಗೆ ಅಳಿಸಿಹೋಗುವುದಿಲ್ಲವೆಂದು ವೆಲ್ಡಿಂಗ್‌ನವರು ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಆಮೇಲೆ ಒಂದು ತಣ್ಣನೆಯ ಉಕ್ಕಿನ ತುಂಡನ್ನು ಮುಂದಿಟ್ಟು ಅದರ ಮೇಲೆ ‘ಬಿಸಿ’ ಎಂದು ಬರೆಸುತ್ತಾಳೆ. ನೂರು ಸಲ. ಗಡ್ಡ ಬಂದವರಿಗೆ ಇದು ಅವಮಾನದಂತೆ ಕಾಣುತ್ತದೆ.

“ಬೆಸೆದ ಮೇಲೆ ಉಕ್ಕು ಕೆಂಪಗಿರೋದು ಅರ್ಧ ನಿಮಿಷ,” ಎನ್ನುತ್ತಾಳೆ ಆರ್ಲೀನ್. “ಆಮೇಲೆ ಕಪ್ಪಾಗುತ್ತೆ. ಕಪ್ಪಾದ್ಮೇಲೆ ತಣ್ಣಗಿರೋದೂ, ಚರ್ಮ ಸುಲಿಯೋಷ್ಟು ಕಾದಿರೋದೂ ನೋಡೋಕೆ ಒಂದೇ ಥರ. ಬೆಸೆದವರಿಗೆ ಮಾತ್ರ ಗೊತ್ತಿರುತ್ತೆ. ಅದಕ್ಕೇ ಬೆನ್ನು ತಿರುಗಿಸೋ ಮುಂಚೆ ಬರೀಬೇಕು. ಬರೀದೆ ಕಾಫಿಗೆ ಹೋದೋರು ವಾಪಸ್ ಬರೋದು ಬೇಡ, ಹಾಗೇ ಮನೆಗೆ ಹೋಗಿ.”

ಬರೆಯದಿದ್ದರೆ ಬರೆ. ಅದೂ ಬರೆಯದವನಿಗಲ್ಲ, ಅವನ ಹಿಂದೆ ಬಂದವನಿಗೆ. ಆರ್ಲೀನ್‌ಳ ಎಡಗೈ ಅಂಗೈಯಲ್ಲಿ ಒಂದೇ ಒಂದು ಗೆರೆಯಿಲ್ಲ, ಆಯುಷ್ಯದ್ದೂ ಇಲ್ಲ, ಅದೃಷ್ಟದ್ದೂ ಇಲ್ಲ. ಹಡಗು ಕಾರ್ಖಾನೆಯಲ್ಲಿ ಸೇರಿದ ಎರಡನೇ ವರ್ಷ ಯಾರೋ ಬರೆಯದೆ ಕಾಫಿಗೆ ಹೋಗಿದ್ದ.

ಆಕೆಗೆ ಈಗ ಐವತ್ತೆಂಟು. ಹುಟ್ಟಿದ್ದು, ಬೆಳೆದದ್ದು, ಬೈದದ್ದು, ಬೈಸಿಕೊಂಡದ್ದು ಎಲ್ಲ ಪೋರ್ಟ್ ಲಾವೆಲ್‌ನಲ್ಲೇ, ಸುಪೀರಿಯರ್ ಸರೋವರದ ದಂಡೆಯ ಮೇಲೆ. ಅಪ್ಪ ಅದಿರಿನ ಹಡಗುಗಳಿಗೆ ಸರಕು ತುಂಬುತ್ತಿದ್ದ. ಮಗಳು ಆ ಹಡಗುಗಳಿಗೆ ತೇಪೆ ಹಾಕುವ ಕೆಲಸ ಹಿಡಿದಳು. ಮೊದಲ ದಿನ ಮೇಸ್ತ್ರಿ ಆಕೆಗೆ ಕಾಫಿ ತರಲು ಹೇಳಿದ. ಆಕೆ ತಂದುಕೊಟ್ಟಳು, ಸಕ್ಕರೆ ಸಮೇತ. ಮಧ್ಯಾಹ್ನ ಅವನ ಊಟದ ಡಬ್ಬಿಯ ಮುಚ್ಚಳ ತೆರೆಯಲಿಲ್ಲ. ಸುತ್ತಲೂ ನಾಲ್ಕು ಬದಿ ಬೆಸೆದಿತ್ತು, ಅಚ್ಚುಕಟ್ಟಾಗಿ, ಕೈ ಸವರಿದರೆ ಉಬ್ಬು ಸಿಗದ ಹಾಗೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಕೆಲಸ ಚೆನ್ನಾಗಿದೆ,” ಎಂದ. ಮಾರನೆಯ ದಿನದಿಂದ ಕಾಫಿ ಅವನೇ ತಂದುಕೊಂಡ. ಹತ್ತೊಂಬತ್ತು ವರ್ಷ ಅಲ್ಲಿ ದುಡಿದು, ಬೆನ್ನು ಬಾಗಲಾರೆ ಎಂದಾಗ ಆಕೆ ಊರಿನ ತಾಂತ್ರಿಕ ಕಾಲೇಜಿಗೆ ಮೇಡಂ ಆಗಿ ಬಂದಳು. ಮಿಸೆಸ್ ಕಂಗಾಸ್ ಎಂದು ಯಾರಾದರೂ ಕರೆದರೆ, “ಮಿಸೆಸ್ ಕಂಗಾಸ್ ಅಂದ್ರೆ ನಮ್ಮತ್ತೆ. ಅವರು ಚರ್ಚಿನ ಹಿಂದೆ ಮಲಗಿದಾರೆ, ಎಬ್ಬಿಸಬೇಡಿ,” ಎನ್ನುತ್ತಿದ್ದಳು.

ಹೋದ ವರ್ಷದ ಸೆಪ್ಟೆಂಬರ್‌ವರೆಗೆ ಆಕೆಯ ಶೆಡ್ಡಿನಲ್ಲಿ ಒಬ್ಬೊಬ್ಬರೇ ನಿಂತು ಬೆಸೆಯುವ ಇಪ್ಪತ್ತು ಗೂಡುಗಳಿದ್ದವು. ಒಂದೊಂದರಲ್ಲೂ ನಿಜವಾದ ಬೆಂಕಿ, ನಿಜವಾದ ಉಕ್ಕು, ನಿಜವಾದ ಹೊಗೆ. ಆ ವರ್ಷದ ಜೂನ್‌ನಲ್ಲಿ ಬಂದ, ಡೀನ್ ಕ್ರೇಗ್ ವಾಂಡರ್‌ಮೋಲನ್.

ಡೀನ್ ಎಂಬ ಪದವಿಯಲ್ಲಿ ದೀನತೆ ಎಳ್ಳಷ್ಟೂ ಇಲ್ಲ ಎಂಬುದಕ್ಕೆ ಅವನೇ ಸಾಕ್ಷಿ. ಅವನು ಈ ಸೀಮೆಯನ್ನು ಉಳಿದ ರಾಜ್ಯಕ್ಕೆ ಕೂಡಿಸುವ ದೊಡ್ಡ ಸೇತುವೆಯ ತೆಂಕಣ ಕಡೆಯವನು. ಅಲ್ಲಿಂದ ಬಂದವರನ್ನು ಈ ಊರಿನವರು, ಮಕ್ಕಳ ಕಥೆಯಲ್ಲಿ ಬರುವ ಹಾಗೆ, ‘ಸೇತುವೆ ಕೆಳಗಿನ ಭೂತ’ ಎಂದೇ ಕರೆಯುವುದು. ಅವನನ್ನೂ ಹಾಗೇ ಕರೆದರು, ಅವನು ನಕ್ಕ. ನಗುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಬಂದ ಮೂರನೇ ತಿಂಗಳಿಗೆ ಹದಿನಾರು ಗೂಡುಗಳನ್ನು ಕೀಳಿಸಿ ಹಾಕಿದ. ಆ ಜಾಗಕ್ಕೆ ಹದಿನಾರು ಸಿಮ್ಯುಲೇಟರ್ ಬಂದವು. ಗೋಡೆಗೆ ಒಂದು ಭಿತ್ತಿಪತ್ರ ಬಂತು: ‘ಕಿಡಿಯಿಲ್ಲದ ಕಲಿಕೆ’. ಅದನ್ನು ನೋಡಿ ಆರ್ಲೀನ್ ಕಿಡಿಕಿಡಿಯಾದಳು. ಆ ವರ್ಷ ಶೆಡ್ಡಿನಲ್ಲಿ ಹಾರಿದ ಮೊದಲ ಕಿಡಿ ಅದೇ.

ಯಂತ್ರ ನೋಡಲು ಚೆಂದ. ತಲೆಗೊಂದು ಹೆಲ್ಮೆಟ್, ಅದರೊಳಗೆ ಕಣ್ಣಿಗೊಂದು ಪರದೆ, ಕೈಯಲ್ಲಿ ಪ್ಲಾಸ್ಟಿಕ್ ಪಿಸ್ತೂಲಿನಂಥದ್ದು, ಮುಂದೆ ಒಂದು ಪ್ಲಾಸ್ಟಿಕ್ ಹಲಗೆ. ಗುಂಡಿ ಒತ್ತಿದರೆ ಹೆಲ್ಮೆಟ್ಟಿನೊಳಗೆ ಬೆಂಕಿ ಕಾಣುತ್ತದೆ, ಚಟಪಟ ಸದ್ದು ಕೇಳುತ್ತದೆ, ಉಕ್ಕು ಕರಗಿ ಹರಿಯುತ್ತದೆ. ಮುಗಿದ ಮೇಲೆ ಗ್ಲೌಸ್ ತೆಗೆದು ಬರಿಬೆರಳಿನಿಂದ ಹಲಗೆಯನ್ನು ಒಮ್ಮೆ ತಟ್ಟಬೇಕು. ತಟ್ಟಿದ ಕೂಡಲೇ ನೂರಕ್ಕೆ ಎಷ್ಟು ಎಂದು ಅಂಕ ಮೂಡುತ್ತದೆ. ತೊಂಬತ್ತು ದಾಟಿದರೆ ಗಂಟೆಯೂ ಬಾರಿಸುತ್ತದೆ.

ಉದ್ಘಾಟನೆಯ ದಿನ ಡೀನ್ ಸೂಟಿನ ತೋಳು ಮಡಚಿ ಕೂತು, ಬೆಸೆದು, ತಟ್ಟಿದ. ತೊಂಬತ್ತೊಂದು. ಗಂಟೆ ಹೊಡೆಯಿತು. ಆಮೇಲೆ ಆರ್ಲೀನ್‌ಳನ್ನು ಕೂರಿಸಿದರು. ಮೂವತ್ತಾರು ವರ್ಷ ಬೆಸೆದ ಕೈ. ಅರವತ್ತೆರಡು.

“ಕೈಯ ಕೋನ ಸರಿಯಿಲ್ಲ ಅಂತ ತೋರಿಸ್ತಿದೆ,” ಎಂದ ಡೀನ್, ಸಮಾಧಾನ ಮಾಡುವವನಂತೆ.

“ನಾನು ಬೆಸೆದ ಹಡಗು ಇವತ್ತೂ ಸರೋವರದ ಮೇಲೆ ತೇಲ್ತಿದೆ ಕ್ರೇಗ್. ಅದಕ್ಕೆ ಫೋನ್ ಮಾಡಿ ಮುಳುಗು ಅಂತ ಹೇಳ್ಲಾ?”

ನಕ್ಕ. ಹೇಳಿದೆನಲ್ಲ, ನಗುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಆಕೆಗೆ ಸಿಟ್ಟು ಬಂದದ್ದು ಅರವತ್ತೆರಡಕ್ಕಲ್ಲ. ಯಂತ್ರ ತಪ್ಪು ಹೇಳಲಿ, ಅವರವರ ಬಾಯಿ. ಆ ತಟ್ಟುವುದಕ್ಕೆ ಸಿಟ್ಟು ಬಂತು. “ಬೆಸೆದ ಉಕ್ಕನ್ನ ಬರಿಗೈಯಲ್ಲಿ ಮುಟ್ಟೋದನ್ನ ಕಲಿಸ್ತಿದೀರಿ,” ಎಂದಳು. “ದಿನಕ್ಕೆ ಮೂವತ್ತು ಸಲ ಕಲಿಸ್ತಿದೀರಿ.”

“ಅದು ಉಕ್ಕಲ್ಲ ಆರ್ಲೀನ್, ಪ್ಲಾಸ್ಟಿಕ್ಕು.”

“ಕೈಗೆ ಗೊತ್ತಾ ಅದು?”

“ಕೊನೇ ಎರಡು ವಾರ ನಿಜವಾದ ಗೂಡಲ್ಲಿ ಮಾಡ್ತಾರಲ್ಲ. ಆವಾಗ ನೀವು ಹೇಳಿಕೊಡಿ.”

“ಹಾಗಾದ್ರೆ ಆ ಯಂತ್ರದೊಳಗೆ ಒಂದು ಬಳಪನಾದ್ರೂ ಇಡ್ಸಿ. ಬರೆದ ಮೇಲೇ ಅಂಕ ಬರೋ ಹಾಗೆ ಮಾಡ್ಸಿ.”

ಡೀನ್ ಕಂಪನಿಗೆ ಮಿಂಚಂಚೆ ಕಳಿಸಿದ. ಕಂಪನಿ ಉತ್ತರ ಕಳಿಸಿತು: ಬಳಪ ನಮ್ಮ ಪಟ್ಟಿಯಲ್ಲಿಲ್ಲ.

ಆ ಸಲ ಬಂದ ಹದಿನಾರು ಮಂದಿಯಲ್ಲಿ ಟ್ಯಾಮಿ ಲಾಕೋಂಬ್ ಎಂಬವಳಿದ್ದಳು. ನಲವತ್ತೊಂದು ವರ್ಷ. ಒಂದು ವಿಮೆ ಕಂಪನಿಯ ಫೋನ್ ಕಚೇರಿಯಲ್ಲಿ ಹದಿನಾಲ್ಕು ವರ್ಷ ಊರವರ ಅಳಲು ಕೇಳಿದವಳು. ಕೊನೆಯ ವರ್ಷ ಆಕೆಯ ಕರೆಗಳನ್ನೆಲ್ಲ ‘ಗುಣಮಟ್ಟಕ್ಕಾಗಿ’ ಧ್ವನಿಮುದ್ರಿಸಿಕೊಂಡರು. ಅದನ್ನೆಲ್ಲ ಕೇಳಿಸಿಕೊಂಡು ಒಂದು ಯಂತ್ರ ಮಾತು ಕಲಿಯಿತು. ಕಲಿತ ಮೇಲೆ ಕಲಿಸಿದವಳು ಯಾಕೆ? ಈಗ ಆ ನಂಬರಿಗೆ ಫೋನ್ ಮಾಡಿದರೆ, ಟ್ಯಾಮಿಯ ಹಾಗೇ ‘ಅಯ್ಯೋ, ಕೇಳಿ ಬೇಜಾರಾಯ್ತು’ ಎಂದು ಒಂದು ಯಂತ್ರ ಮರುಗುತ್ತದಂತೆ. “ನನ್ನ ದನೀಲೇ ನನಗೆ ಸಮಾಧಾನ ಹೇಳುತ್ತೆ ಆರ್ಲೀನ್,” ಎಂದಿದ್ದಳು ಟ್ಯಾಮಿ. “ಒಂದಿನ ಮಾಡಿ ಕೇಳಿದೆ. ಚೆನ್ನಾಗೇ ಮಾತಾಡ್ತೀನಿ ನಾನು.”

ಯಂತ್ರ ಕಸಿದ ಕೆಲಸಕ್ಕೆ ಬದಲು ಯಂತ್ರ ಕಸಿಯಲಾರದ ಕೆಲಸ ಬೇಕು ಎಂದು ಬಂದವಳು ಅವಳು. ವಿದ್ಯಾರ್ಥಿಗಳಲ್ಲೆಲ್ಲ ಜೋರು. ಜನವರಿಯ ಹೊತ್ತಿಗೆ ಅವಳ ಅಂಕ ತೊಂಬತ್ತೆಂಟು. ಅವಳ ಯಂತ್ರದ ಗಂಟೆ ಹೊಡೆದೂ ಹೊಡೆದೂ ಶೆಡ್ಡು ಚರ್ಚಿನ ಹಾಗಾಯಿತು. ಹಡಗು ಕಾರ್ಖಾನೆಯವರು ಬಂದು ನೋಡಿ, ಏಪ್ರಿಲ್‌ನಲ್ಲಿ ಬಾ ಎಂದರು, ಸರ್ಟಿಫಿಕೇಟು ಕೈಗೆ ಬಂದ ಕೂಡಲೇ. ಅವಳು ಅಂದೇ ಉಕ್ಕಿನ ಮೂಗಿನ ಬೂಟು ಕೊಂಡು, ಮನೆಯೊಳಗೆ ಹಾಕಿಕೊಂಡು ಓಡಾಡಿ ಅಭ್ಯಾಸ ಮಾಡಿದಳು.

ಮಾರ್ಚ್ ಎರಡನೇ ವಾರ ನಿಜವಾದ ಬೆಂಕಿಯ ದಿನಗಳು ಬಂದವು. ನಾಲ್ಕು ಗೂಡು, ಹದಿನಾರು ಜನ, ಒಂದು ಆರ್ಲೀನ್. ಬಳಪ ಕೊಟ್ಟಳು. ಹೇಳಿದಳು, ಬರೆಸಿದಳು, ಮತ್ತೆ ಹೇಳಿದಳು. ಟ್ಯಾಮಿ ಬಳಪವನ್ನು ಕಿವಿಗೆ ಸಿಕ್ಕಿಸಿಕೊಂಡು, “ಈಗ ನೋಡೋಕೆ ನಿಮ್ಮ ಥರಾನೇ ಇದೀನಿ, ಸಿಡುಕೊಂದು ಬಾಕಿ,” ಎಂದಳು.

ಬುಧವಾರ ಮಧ್ಯಾಹ್ನ ಎರಡನೇ ಗೂಡಿನಲ್ಲಿ ಟ್ಯಾಮಿಯ ಮೊದಲ ಬೆಸುಗೆ. ಆರ್ಲೀನ್ ಹಿಂದೆ ನಿಂತು ಕೊನೆಯವರೆಗೂ ನೋಡಿದಳು. ಸಾಲಾಗಿ ಜೋಡಿಸಿಟ್ಟ ನಾಣ್ಯಗಳ ಹಾಗಿತ್ತು. ಇಷ್ಟು ಚೆಂದದ ಮೊದಲ ಬೆಸುಗೆಯನ್ನು ಆಕೆ ಆ ಶೆಡ್ಡಿನಲ್ಲಿ ಕಂಡಿರಲಿಲ್ಲ, ತನ್ನದನ್ನೂ ಸೇರಿಸಿ. “ಬರಿ,” ಎಂದಳು. ಅಷ್ಟರಲ್ಲಿ ಮೂರನೇ ಗೂಡಿನಿಂದ ಯಾರೋ, “ಆರ್ಲೀನ್, ರಾಡ್ ಅಂಟ್ಕೊಂಡ್ಬಿಡ್ತು,” ಎಂದು ಕೂಗಿದರು. ಆಕೆ ತಿರುಗಿದಳು. ಎರಡು ಹೆಜ್ಜೆ.

ಟ್ಯಾಮಿ ಹೆಲ್ಮೆಟ್ ಎತ್ತಿದಳು. ಗ್ಲೌಸ್ ತೆಗೆದಳು. ಆರು ತಿಂಗಳು ದಿನಕ್ಕೆ ಮೂವತ್ತು ಸಲ ಮಾಡಿದಂತೆ ಮೂರು ಬೆರಳಿನಲ್ಲಿ ಉಕ್ಕನ್ನು ತಟ್ಟಿದಳು.

ಕೂಗಲಿಲ್ಲ. ವಾಸನೆ ಮೊದಲು ಬಂತು. ಆರ್ಲೀನ್ ತಿರುಗಿ ನೋಡಿದಾಗ ಟ್ಯಾಮಿ ತನ್ನ ಕೈಯನ್ನು ಯಾರದೋ ಕೈಯ ಹಾಗೆ ನೋಡುತ್ತ, ಮೆತ್ತಗೆ, “ಎಷ್ಟು ಬಂತು?” ಎಂದು ಕೇಳುತ್ತಿದ್ದಳು.

ಬಳಪ ಅವಳ ಕಿವಿಯಲ್ಲೇ ಇತ್ತು.

ಗುರುವಾರ ಡೀನ್ ಆರ್ಲೀನ್‌ಳನ್ನು ಕರೆಸಿ ಕಂಪ್ಯೂಟರನ್ನು ಆಕೆಯ ಕಡೆ ತಿರುಗಿಸಿದ. ಅಪಘಾತ ವರದಿ. ‘ಕಾರಣ’ ಎಂಬಲ್ಲಿ ಒತ್ತಿದರೆ ನಾಲ್ಕು ಸಾಲು ಕೆಳಗೆ ಇಳಿಯುತ್ತಿದ್ದವು: ಉಪಕರಣದ ದೋಷ, ವಿದ್ಯಾರ್ಥಿಯ ಅಜಾಗರೂಕತೆ, ಬೋಧಕರ ಅಜಾಗರೂಕತೆ, ಇತರೆ. ಡೀನ್ ಆಗಲೇ ಎರಡನೆಯದನ್ನು ಆರಿಸಿಟ್ಟಿದ್ದ. ಕೆಳಗೆ ಆರ್ಲೀನ್‌ಳ ಸಹಿಗೆ ಖಾಲಿ ಜಾಗ.

“ನೀವು ಹೇಳಿದ್ರಿ, ಅವರು ಕೇಳ್ಲಿಲ್ಲ. ಅಷ್ಟೇ ತಾನೇ?”

“ಅಜಾಗರೂಕತೆ ಅಂತ ಒಂದು ಸಲ ಬಿದ್ರೆ ಹಡಗು ಕಾರ್ಖಾನೆ ಗೇಟಿನೊಳಗೂ ಬಿಡಲ್ಲ. ಅವಳ ಕೆಲಸ ಹೋಯ್ತು.”

“ನನಗೂ ಬೇಜಾರಿದೆ.”

ಅಯ್ಯೋ, ಕೇಳಿ ಬೇಜಾರಾಯ್ತು. ಆರ್ಲೀನ್‌ಗೆ ಟ್ಯಾಮಿ ಹೇಳಿದ ಯಂತ್ರ ನೆನಪಾಯಿತು. ಅದರ ದನಿಯಾದರೂ ಮನುಷ್ಯರದು.

“ಉಪಕರಣದ ದೋಷ ಅಂತ ಹಾಕಿ.”

“ಯಾವ ಉಪಕರಣ? ಗೂಡಲ್ಲಿ ಎಲ್ಲ ಸರಿಯಾಗಿತ್ತು. ಸಿಮ್ಯುಲೇಟರ್ ಪ್ರಕಾರ ಆಕೆ ತೊಂಬತ್ತೆಂಟು.”

“ಹಾಗಾದ್ರೆ ಬೋಧಕರ ಅಜಾಗರೂಕತೆ ಅಂತ ಹಾಕಿ. ನಾನು ಬೆನ್ನು ತಿರುಗಿಸಿದ್ದು ನಿಜ. ಈಗ್ಲೇ ಸಹಿ ಹಾಕ್ತೀನಿ.”

ಡೀನ್ ಒಂದು ಕ್ಷಣ ಅದನ್ನೂ ಯೋಚಿಸಿದ. “ಹಾಕಬಹುದು. ಹಾಗೆ ಹಾಕಿದ್ರೆ ಉಳಿದ ನಾಲ್ಕು ಗೂಡನ್ನೂ ಮುಚ್ಚಬೇಕಾಗುತ್ತೆ. ವಿಮೆಯೋರು ಬಿಡಲ್ಲ. ಬೆಂಕಿ ಇದ್ರೆ ತಾನೇ ಸುಡೋದು?”

ಬೋನು ಅಂದರೆ ಹೀಗಿರಬೇಕು. ಟ್ಯಾಮಿ ಹೆಸರು ಕೆಡಿಸಿದರೆ ಯಂತ್ರ ಪಾರು. ತನ್ನ ಹೆಸರು ಕೆಡಿಸಿಕೊಂಡರೆ ಯಂತ್ರ ಪಾರಾಗುವುದಲ್ಲದೆ, ನಾಳೆ ಬರುವವರು ಬೆಂಕಿಯನ್ನೇ ನೋಡದೆ ಸರ್ಟಿಫಿಕೇಟು ಹಿಡಿದು ಹೊರಡುತ್ತಾರೆ. ಅಂಕಿ ಬಂದ ಮೇಲೆ ಯಾರಿಗೂ ಅಂಕೆಯಿಲ್ಲ.

“ಸೋಮವಾರ ನಾಲ್ಕಕ್ಕೆ ಆಡಳಿತ ಮಂಡಳಿಯೋರು ಯಂತ್ರ ನೋಡೋಕೆ ಬರ್ತಾರೆ,” ಎಂದ ಡೀನ್. “ಇನ್ನೂ ಇಪ್ಪತ್ತು ತರಿಸೋ ಯೋಚನೆ ಇದೆ. ಅಷ್ಟರೊಳಗೆ ಇದು ಮುಗೀಬೇಕು. ನೀವು ಸಹಿ ಹಾಕದಿದ್ರೆ ನಾನೇ ಹಾಕ್ತೀನಿ.”

ಶುಕ್ರವಾರ ಆರ್ಲೀನ್ ಟ್ಯಾಮಿಗೆ ಫೋನ್ ಮಾಡಿದಳು. ಚರ್ಮ ಕಸಿ ಮಾಡಬೇಕಿಲ್ಲವಂತೆ, ಆರು ವಾರದಲ್ಲಿ ಬೆರಳು ಮಡಚಬಹುದಂತೆ. ಅಷ್ಟು ಹೇಳಿ ಟ್ಯಾಮಿ, “ಡೀನ್ ಫೋನ್ ಮಾಡಿದ್ರು. ನನ್ನದೇ ತಪ್ಪು ಅಂತ ಬರ್ದುಬಿಡಿ ಆರ್ಲೀನ್,” ಎಂದಳು. “ನೀವು ಹೇಳಿದ್ರಿ, ನಾನು ಕೇಳಿಸ್ಕೊಂಡೆ, ಆದ್ರೂ ಮುಟ್ಟಿದೆ. ಇಂಥ ದಡ್ಡಿ ಎಲ್ಲಾದ್ರೂ ಇರ್ತಾಳಾ?”

ಅಲ್ಲಿಯವರೆಗೆ ಆರ್ಲೀನ್‌ಗೆ ಇದ್ದದ್ದು ಕೋಪ. ಇದನ್ನು ಕೇಳಿದ ಮೇಲೆ ಬಂದದ್ದಕ್ಕೆ ಬೇರೆ ಹೆಸರು ಬೇಕು. ಹದಿನಾಲ್ಕು ವರ್ಷದ ಕೆಲಸ ಕಸಿದಾಗಲೂ ಟ್ಯಾಮಿ ತನ್ನ ದನಿ ಚೆನ್ನಾಗಿದೆ ಎಂದಿದ್ದಳು. ಈಗ ಅವಳ ಬೆರಳು ಸುಟ್ಟು, ತಾನು ದಡ್ಡಿ ಎಂದೂ ಅವಳ ಬಾಯಲ್ಲೇ ಹೇಳಿಸಿದ್ದರು.

ಶನಿವಾರ ಮಧ್ಯಾಹ್ನ ಗಂಡ ವಾಲ್ಟರ್ ಹಿತ್ತಲಿನ ಸೌನಾ ಎಂಬ ಹಬೆಸ್ನಾನದ ಕೋಣೆ ಕಾಯಿಸಿದ. ಅವನು ಅದಿರಿನ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಮಾತು ಕಮ್ಮಿ, ಉಪ್ಪು ಜಾಸ್ತಿ. ಆ ಮನೆತನದಲ್ಲಿ ಸೌನಾದೊಳಗೆ ಜೋರು ಮಾತಿಲ್ಲ, ಜಗಳವಿಲ್ಲ. ಚರ್ಚಿನಲ್ಲಿ ಹೇಗೋ ಅಲ್ಲಿಯೂ ಹಾಗೆ. ಮೂವತ್ತು ವರ್ಷದಲ್ಲಿ ಆರ್ಲೀನ್ ಒಮ್ಮೆಯೂ ಅದನ್ನು ಮೀರಿರಲಿಲ್ಲ. ಅವತ್ತು ಮೀರಿದಳು. ಕಾದ ಕಲ್ಲಿನ ಮೇಲೆ ನೀರೆರಚಿ, ಏಳುವ ಹಬೆಯೊಳಗೆ ಕೂತು, ಡೀನ್‌ನನ್ನೂ ಅವನ ಯಂತ್ರವನ್ನೂ ಬಳಪ ಪಟ್ಟಿಯಲ್ಲಿಲ್ಲ ಎಂದ ಕಂಪನಿಯನ್ನೂ ಮೂರು ತಲೆಮಾರಿನವರೆಗೆ ಜಾಲಾಡಿದಳು.

ವಾಲ್ಟರ್ ಎಲ್ಲ ಕೇಳಿ, “ನಮ್ಮಜ್ಜಿ ಇದ್ದಿದ್ರೆ ನಿನ್ನನ್ನ ಹಿಮಕ್ಕೆ ದಬ್ತಿದ್ಲು,” ಎಂದ.

“ದಬ್ಬಲಿ. ಅಲ್ಲಾದ್ರೂ ತಣ್ಣಗಾಗ್ತೀನಿ.”

“ನಿಂಗೆ ತಣ್ಣಗಾಗೋದು ಬೇಕಾ?”

ಬೇಡವಾಗಿತ್ತು. ಆಕೆ ಸುಮ್ಮನೆ ಕೈಯನ್ನು ಮಗುಚಿ ಕಲ್ಲುಗಳ ಕಡೆ ಚಾಚಿ ಹಿಡಿದಳು, ಮುಟ್ಟದೆ, ಒಂದು ಗೇಣು ದೂರದಲ್ಲಿ. ಬಿಸಿ ಇದೆಯೋ ಇಲ್ಲವೋ ನೋಡುವುದು ಹೀಗೆ, ಕೈಯ ಹಿಂಬದಿಯಿಂದ. ಇದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಮೂರು ವರ್ಷದವಳಿದ್ದಾಗಲೇ ಕೈ ತಾನಾಗಿ ಕಲಿತಿತ್ತು. ಕೈ ಕಲಿತದ್ದನ್ನು ತಲೆ ತಡೆಯಲಾರದು. ಟ್ಯಾಮಿಯ ಕೈ ಆರು ತಿಂಗಳು ಇನ್ನೊಂದನ್ನು ಕಲಿತಿತ್ತು.

ಟ್ಯಾಮಿಯದೊಂದೇ ಅಲ್ಲವಲ್ಲ, ಎಂದು ಆಗ ಆಕೆಗೆ ಹೊಳೆಯಿತು. ಡೀನ್ ಬಂದವರಿಗೆಲ್ಲ ಯಂತ್ರ ತೋರಿಸುತ್ತಾನೆ. ಮೇಯರ್‌ಗೆ, ಪತ್ರಿಕೆಯವರಿಗೆ, ಬೇರೆ ಕಾಲೇಜಿನವರಿಗೆ, ವಾರಕ್ಕೆ ಮೂರು ನಾಲ್ಕು ಸಲ. ಪ್ರತಿ ಸಲವೂ ಗ್ಲೌಸ್ ತೆಗೆದು ತಟ್ಟುತ್ತಾನೆ.

“ಯಾಕೆ ನಗ್ತಿದೀಯ?” ಎಂದ ವಾಲ್ಟರ್.

“ನಗ್ತಿಲ್ಲ,” ಎಂದಳು ಆರ್ಲೀನ್.

ಸೋಮವಾರ ನಾಲ್ಕಕ್ಕೆ ಆಡಳಿತ ಮಂಡಳಿಯ ಐದು ಜನ ಹಿಮದ ಬೂಟುಗಳನ್ನು ಬಾಗಿಲಲ್ಲಿ ಕೊಡವಿ ಒಳಗೆ ಬಂದರು. ಅಧ್ಯಕ್ಷೆ ಬರ್ನಿಸ್ ಟ್ರೆವಾರೋ, ಎಪ್ಪತ್ತು ದಾಟಿದವಳು, ಮುಖ್ಯ ಬೀದಿಯಲ್ಲಿ ಪಾಸ್ಟಿ ಅಂಗಡಿ ಇಟ್ಟವಳು. ಗಣಿಯವರ ಕಾಲದಿಂದ ಊರಿನ ಅರ್ಧ ಹೊಟ್ಟೆ ಅವಳ ಮನೆತನದ ಮಾಂಸದ ಕಡುಬಿನಲ್ಲೇ ತುಂಬಿದೆ. ಡೀನ್ ಯಂತ್ರದ ಮುಂದೆ ಕೂತು ಬೆಸೆದ, ತೆಗೆದ, ತಟ್ಟಿದ. ತೊಂಬತ್ತನಾಲ್ಕು. ಗಂಟೆ. ಚಪ್ಪಾಳೆ.

“ಚೆನ್ನಾಗಿ ಮಾಡಿದ್ರಿ ಕ್ರೇಗ್,” ಎಂದಳು ಆರ್ಲೀನ್, ಎಲ್ಲರಿಗೂ ಕೇಳುವ ಹಾಗೆ. “ತೊಂಬತ್ನಾಲ್ಕು ತೊಗೊಂಡೋರು ನಿಜವಾದ ಗೂಡಲ್ಲಿ ಹೇಗೆ ಮಾಡ್ತಾರೆ ಅಂತ ಇವರೂ ನೋಡ್ಲಿ.”

ಡೀನ್‌ನ ನಗು ಅರೆಗಳಿಗೆ ಎಡವಿತು. ಬರ್ನಿಸ್, “ಅದನ್ನೇ ತಾನೇ ನೋಡೋಕೆ ಬಂದಿದ್ದು,” ಎಂದು ಆಗಲೇ ಗೂಡಿನ ಕಡೆ ಹೊರಟಿದ್ದಳು.

ಆರ್ಲೀನ್ ಅವನಿಗೆ ಏಪ್ರನ್ ಕಟ್ಟಿದಳು. ಗ್ಲೌಸ್ ಕೊಟ್ಟಳು. ಕಿವಿಗೆ ಬಳಪ ಸಿಕ್ಕಿಸಿದಳು. ಪಕ್ಕದಲ್ಲಿ ತಣ್ಣೀರಿನ ಬಕೆಟ್ಟು ಮೊದಲೇ ಇತ್ತು. “ಮುಗಿದ ಮೇಲೆ ಉಕ್ಕು ಬಿಸಿ ಇರುತ್ತೆ. ಮುಟ್ಟಬೇಡಿ. ಬಳಪದಲ್ಲಿ ಬಿಸಿ ಅಂತ ಬರೀರಿ,” ಎಂದಳು. ಬರ್ನಿಸ್ ಕಡೆ ತಿರುಗಿ, “ಹೇಳಿದ್ದು ಕೇಳಿಸ್ತಾ?” ಎಂದಳು. ಬರ್ನಿಸ್ ತಲೆಯಾಡಿಸಿದಳು. ಆರ್ಲೀನ್ ಎರಡನೇ ಸಲ ಹೇಳಿದಳು. ಮೂರನೇ ಸಲ ಹೇಳಿದಳು.

“ಗೊತ್ತಾಯ್ತು ಆರ್ಲೀನ್, ನಾನೇನು ಮಗುನಾ,” ಎಂದ ಡೀನ್.

ಬೆಸೆದ. ಬೆಸುಗೆ ಎಂದರೆ ಕೋಳಿ ಕೆದರಿದ ಹಾಗಿತ್ತು, ಅಂತೂ ಎರಡು ತುಂಡು ಒಂದಕ್ಕೊಂದು ಅಂಟಿದವು. ಕೆಂಪು ಇಳಿದು ಕಪ್ಪಾಯಿತು. ಅವನು ಹೆಲ್ಮೆಟ್ ಎತ್ತಿ ಮಂಡಳಿಯವರ ಕಡೆ ನೋಡಿ ಬೀಗಿದ. ಮಾತಾಡುತ್ತಲೇ ಗ್ಲೌಸ್ ಕಳಚಿದ. “ನೋಡಿ, ಯಂತ್ರದಲ್ಲಿ ಕಲಿತರೆ ಬೆಂಕಿಯ ಭಯವೇ...” ಎನ್ನುತ್ತಲೇ ಅವನ ಬಲಗೈ ಉಕ್ಕಿನ ಕಡೆ ಹೋಯಿತು, ಬೆರಳು ಮುಂದೆ ಮಾಡಿಕೊಂಡು.

ಆರ್ಲೀನ್‌ಗೆ ಮೊದಲೇ ಗೊತ್ತಿತ್ತು. ಮೂವತ್ತಾರು ವರ್ಷದ ಕಣ್ಣು. ಗ್ಲೌಸ್ ಕಳಚುವಾಗಲೇ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಟ್ಯಾಮಿ ಮೆತ್ತಗೆ ಕೇಳಿದ ಆ ಪ್ರಶ್ನೆ ಕಿವಿಯಲ್ಲಿತ್ತು, ಆ ವಾಸನೆ ಮೂಗಿನಲ್ಲಿತ್ತು, ಮತ್ತು ಒಂದು ಕ್ಷಣ, ಪೂರ್ತಿ ಒಂದು ಕ್ಷಣ, ಆಕೆಯ ಕೈ ತಡವಾಗಲು ಬಯಸಿತು. ಅದನ್ನು ಆಕೆ ಮುಂದೆ ವಾಲ್ಟರ್‌ಗೂ ಹೇಳಲಿಲ್ಲ.

ಬೆರಳಿಗೂ ಉಕ್ಕಿಗೂ ಒಂದು ಅಂಗುಲ ಇದ್ದಾಗ ಅವನ ಮಣಿಕಟ್ಟು ಹಿಡಿದಳು. ಹಿಡಿದವಳು ಬಿಡಲಿಲ್ಲ, ಹಿಂದಕ್ಕೂ ಎಳೆಯಲಿಲ್ಲ. ಅಲ್ಲೇ ಹಿಡಿದಿಟ್ಟಳು. ಝಳ ತಾಗಿ ಡೀನ್‌ನ ಮುಖದ ಬಣ್ಣ ಇಳಿಯಿತು.

“ಎಷ್ಟು ಬಂತು ಕ್ರೇಗ್?” ಎಂದಳು, ಮೆತ್ತಗೆ.

ಆಕೆ ಅವನ ಕೈಯನ್ನು ಮಗುಚಿ, ಹಿಂಬದಿಯನ್ನು ಉಕ್ಕಿನ ಕಡೆ ಮಾಡಿ, ಒಂದು ಗೇಣು ಮೇಲಕ್ಕೆತ್ತಿದಳು. “ನೋಡೋದು ಹೀಗೆ,” ಎಂದಳು. ಆಮೇಲೆ ಕೈ ಬಿಟ್ಟಳು. ಅವನ ಕಿವಿಯಿಂದ ಬಳಪ ತೆಗೆದು ತಾನೇ ಉಕ್ಕಿನ ಮೇಲೆ ‘ಬಿಸಿ’ ಎಂದು ಬರೆದಳು.

“ನಾನು ಮಾತಾಡ್ತಾ ಇದ್ದೆ, ಗಮನ...” ಎಂದ ಡೀನ್.

“ನನ್ನ ಅಡುಗೆಮನೆಯಲ್ಲಿ ಒಲೆಯಿಂದ ತೆಗೆದ ಬಾಣಲೆ ಹಿಡಿಗೆ ಬಟ್ಟೆ ಹಾಕಬೇಕು,” ಎಂದಳು ಬರ್ನಿಸ್, ಯಾರನ್ನೂ ನೋಡದೆ. “ಹಾಕದೇ ಹೋದ್ರೆ ಅವತ್ತೇ ಮನೆಗೆ. ಐವತ್ತು ವರ್ಷದಿಂದ ಹಾಗೇ.” ಆಮೇಲೆ ಡೀನ್ ಕಡೆ ತಿರುಗಿದಳು. “ಹೋದ ವಾರ ಸುಟ್ಕೊಂಡ್ಳಲ್ಲ, ಆ ಹೆಂಗಸು. ಅದರ ವರದೀಲಿ ಏನು ಬರ್ದಿದೀರಿ?”

ಡೀನ್ ಹೇಳಿದ. ಹೇಳದೆ ವಿಧಿಯಿರಲಿಲ್ಲ.

“ನಿಮಗೆ ಎಷ್ಟು ಸಲ ಹೇಳಿದ್ಲು ಆರ್ಲೀನ್, ಮುಟ್ಟಬೇಡಿ ಅಂತ?”

“ಮೂರು,” ಎಂದ ಡೀನ್. ನಗು ಅವನಿಗೆ ಆಗ ಬರಲಿಲ್ಲ.

ಆ ಸಂಜೆಯೇ, ಬರ್ನಿಸ್ ಪಕ್ಕದಲ್ಲಿ ಕೋಟು ಬಿಚ್ಚದೆ ಕೂತಿರುವಾಗ, ಆರ್ಲೀನ್ ಕಂಪ್ಯೂಟರಿನ ಮುಂದೆ ಕುಳಿತಳು. ಮೊದಲ ಮೂರು ಸಾಲು ಬಿಟ್ಟು ‘ಇತರೆ’ ಒತ್ತಿದಳು. ಬರೆಯಲು ಒಂದು ಪುಟ್ಟ ಚೌಕ ತೆರೆಯಿತು. ಅದರಲ್ಲಿ ಅರವತ್ತು ಅಕ್ಷರಕ್ಕೆ ಜಾಗ. ಒಂದು ಕೈ ಸುಟ್ಟದ್ದಕ್ಕೆ ಅರವತ್ತು ಅಕ್ಷರ. ಆಕೆಗೆ ಅಷ್ಟೂ ಬೇಕಾಗಲಿಲ್ಲ.

‘ಕಲಿಸಿದಂತೆ ಮಾಡಿದಳು’ ಎಂದು ಹೊಡೆದು, ಸಹಿ ಹಾಕಿ, ಕುರ್ಚಿಯಿಂದ ಎದ್ದಳು.

ಟ್ಯಾಮಿ ಮೇ ತಿಂಗಳಲ್ಲಿ ಹಡಗು ಕಾರ್ಖಾನೆಗೆ ಸೇರಿದಳು. ಬಲಗೈಯ ಮೂರು ಬೆರಳ ತುದಿ ಈಗ ನುಣ್ಣಗೆ, ಫೋನು ಅವಳ ಬೆರಳಚ್ಚು ಗುರುತಿಸುವುದಿಲ್ಲ. “ಒಂದು ಯಂತ್ರನಾದ್ರೂ ನನ್ನನ್ನ ಮರೀತಲ್ಲ,” ಎನ್ನುತ್ತಾಳೆ.

ಇನ್ನೂ ಇಪ್ಪತ್ತು ಯಂತ್ರ ತರಿಸುವ ಯೋಚನೆ ನಿಂತಿತು. ಇದ್ದ ಹದಿನಾರು ಹೋಗಲಿಲ್ಲ; ಕೊಂಡದ್ದನ್ನು ಎಸೆಯುವಷ್ಟು ಬುದ್ಧಿ ಯಾವ ಮಂಡಳಿಗೂ ಇರುವುದಿಲ್ಲ. ಅದರ ಬದಲು ಕಂಪನಿ, ದೂರು ಬಂದದ್ದಕ್ಕೆ ವಂದನೆ ಹೇಳಿ, ಯಂತ್ರಕ್ಕೆ ಹೊಸ ಸೌಲಭ್ಯ ಕಳಿಸಿತು. ಈಗ ಬೆಸುಗೆ ಮುಗಿದ ಕೂಡಲೇ ಹೆಲ್ಮೆಟ್ಟಿನೊಳಗೆ ‘ಬಿಸಿ’ ಎಂಬ ಅಕ್ಷರ ತಾನಾಗಿ ಕೆಂಪಗೆ ಮೂಡುತ್ತದೆ. ಎರಡು ಸೆಕೆಂಡ್ ಆದ ಮೇಲೆ ಮಾಯವಾಗುತ್ತದೆ. ಆಮೇಲೆ ತಟ್ಟಬೇಕು.

“ತಾನೇ ಬರ್ಕೊಳ್ಳೋ ಉಕ್ಕು ಯಾವ ದೇಶದ್ದು?” ಎಂದು ಆರ್ಲೀನ್ ಡೀನ್‌ನ ಕೋಣೆಯಲ್ಲಿ ಕೇಳಿದ್ದು ಕಾರಿಡಾರಿನ ಆಚೆ ತುದಿಗೂ ಕೇಳಿಸಿತು. ಅವನು ಆಕೆಯ ಎದುರು ಈಗ ಕೈ ಜೇಬಿನಿಂದ ತೆಗೆಯುವುದಿಲ್ಲ.

ಸೆಪ್ಟೆಂಬರಿನಿಂದ ಆರ್ಲೀನ್ ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಬರುತ್ತಾಳೆ. ಬಳಪವನ್ನು ಕುಟ್ಟಿ ಪುಡಿ ಮಾಡಿ, ಹದಿನಾರು ಪ್ಲಾಸ್ಟಿಕ್ ಹಲಗೆಗಳಿಗೂ ತೆಳ್ಳಗೆ ಸವರುತ್ತಾಳೆ. ಹೆಲ್ಮೆಟ್ಟಿನೊಳಗಿನ ಕಣ್ಣಿಗೆ ಅದು ಕಾಣುವುದಿಲ್ಲ. ಆ ಕೂಗಾಟದ ಮೇಲೆ ಈಗ ತಟ್ಟದೆಯೇ ಅಂಕ ನೋಡುವುದಕ್ಕೆ ಮೇಜಿನ ಬದಿಯಲ್ಲಿ ಒಂದು ಗುಂಡಿಯೂ ಇದೆ, ಹುಡುಕಿದರೆ ಸಿಗುತ್ತದೆ. ಆಕೆ ಎಲ್ಲರಿಗೂ ಮೊದಲ ದಿನವೇ ಅದನ್ನು ತೋರಿಸಿದ್ದಾಳೆ. ಪಾಠ ಮುಗಿದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೆರಳು ನೋಡುತ್ತಾಳೆ. ಬೆಳ್ಳಗಾದ ಬೆರಳಿನವರನ್ನು ಆಚೆ ನಿಲ್ಲಿಸಿ, “ನೀನು ಸುಟ್ಕೊಂಡೆ. ನೀನು ಸುಟ್ಕೊಂಡೆ. ಏನಮ್ಮಾ, ನೂರಕ್ಕೆ ತೊಂಬತ್ತಾರಾ? ನೀನೂ ಸುಟ್ಕೊಂಡೆ,” ಎನ್ನುತ್ತಾಳೆ. ಎಣಿಸಿ ಗೋಡೆಯ ಮೇಲೆ ಬರೆಯುತ್ತಾಳೆ, ‘ಕಿಡಿಯಿಲ್ಲದ ಕಲಿಕೆ’ಯ ಕೆಳಗೇ.

ಮೊದಲ ದಿನ ಹದಿನಾರಕ್ಕೆ ಹದಿನಾರು. ಎರಡನೇ ವಾರ ಹನ್ನೊಂದು. ಮೊನ್ನೆ ಮೂರು.

ಮೂರು ಎಂದು ಗೋಡೆಗೆ ಬರೆಯುವಾಗ ಬಳಪ ಮುರಿಯಿತು. ಆಕೆ ಒತ್ತಿ ಬರೆದಿದ್ದಳು.